ಕಲ್ಲಿನ ಮೈ, ಹಲ್ಲಿನ ಮೈ

ಚಿತ್ರದುರ್ಗದ ಬೆಟ್ಟದ ಮೇಲೆ, ಏಳು ಸುತ್ತಿನ ಕೋಟೆಯ ಒಳಗಿರುವ ಹಿಡಿಂಬೇಶ್ವರನ ಗುಡಿಯಲ್ಲಿ, ಹಿಡಿಂಬಾಸುರನ ಹಲ್ಲೆಂದು ಭಕ್ತರಿಗೆ ತೋರಿಸುತ್ತ ಬಂದಿರುವ ಒಂದು ದೊಡ್ಡ ಅಸ್ಥಿಖಂಡವೂ, ಭೀಮಸೇನನ ಭೇರಿಯೆಂದು ಹೆಸರಾದ, ಕಬ್ಬಿಣದ ತಗಡಿನಿಂದ ಮಾಡಿದ ಒಂದು ದೊಡ್ಡ ಉರುಳೆಯೂ ಉಂಟೆಂಬುದನ್ನು ಹಳೆಯ ಮೈಸೂರು ಗೆಜೆಟಿಯರಿನ ಓದುಗರು ಬಲ್ಲರು. ಆ ಹಲ್ಲು ಯಾವುದೋ ಆನೆಯದಾಗಿರಬೇಕೆಂಬ ಊಹೆ ಸಹಜವಾದುದೇ. ಆದರೆ ಆ ಪ್ರಾಣಿ ಏನನ್ನು ಮೇದು ಬದುಕಿತು, ಹುಲ್ಲನ್ನೋ ಸೊಪ್ಪನ್ನೋ ಎಂದು ಅದರ ಮೈಮೇಲಿನ ಸವೆತದಿಂದಲೇ ತಿಳಿಯಬೇಕೆಂಬ ಹಂಬಲ ಯಾರಿಗಾದರೂ ಹುಟ್ಟಿದರೆ ಗತಿಯೇನು? ದೇವರ ಗುಡಿಯ ವಸ್ತುವನ್ನು ಕೊಯ್ಯುವಂತಿಲ್ಲ, ಅರೆಯುವಂತಿಲ್ಲ, ಪರದೇಶದ ಪ್ರಯೋಗಶಾಲೆಗೆ ಹೊತ್ತೊಯ್ಯುವಂತೆಯೂ ಇಲ್ಲ. ಉಳಿಯುವ ದಾರಿ ಒಂದೇ: ವಸ್ತುವನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, ಅದರ ಮೈಯನ್ನು ಮಾತ್ರ ಯಥಾವತ್ತಾಗಿ ಎರವಲು ಪಡೆದು ಬರುವುದು. ಹಲ್ಲಿನ ವಿಷಯದಲ್ಲಿ ಈ ವಿದ್ಯೆ ಇತ್ತೀಚಿನದು. ಕಲ್ಲಿನ ವಿಷಯದಲ್ಲಿಯಾದರೋ ಚಿತ್ರದುರ್ಗದ ಸೀಮೆ ಅದನ್ನು ಒಂದು ಶತಮಾನಕ್ಕಿಂತ ಹಿಂದೆಯೇ ಕಂಡಿತು. ಈ ನಾಡಿನ ಪ್ರಾಚೀನ ಚರಿತ್ರೆಯಲ್ಲಿ ನಾವು ಇಂದು ನಿಶ್ಚಯವೆಂದು ಹೇಳುವ ಮಾತುಗಳಲ್ಲಿ ಬಹುಪಾಲು, ಶಿಲೆಯನ್ನು ನೋಡಿ ಬರೆದವಲ್ಲ, ಶಿಲೆಯ ಪ್ರತಿಕೃತಿಯನ್ನು ನೋಡಿ ಬರೆದವು.

ಪ್ರತಿಕೃತಿಗಿಂತ ಮೊದಲು ಇದ್ದುದು ನಕಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ನಡೆಸುತ್ತಿದ್ದಾಗ, ಅವನ ಸಂಗಡಿಗರಾದ ಪಂಡಿತರು ಊರೂರು ಅಲೆದು ಕಲ್ಬರಹಗಳನ್ನು ಕಣ್ಣಿನಿಂದ ಓದಿ ಕೈಯಿಂದ ಬರೆದುಕೊಂಡರು. ಮುಂದೆ ಸರ್ ವಾಲ್ಟರ್ ಎಲಿಯಟ್ ಕನ್ನಡನಾಡಿನ ನೂರಾರು ಶಾಸನಗಳನ್ನು ಸಂಗ್ರಹಿಸಿದ್ದೂ ಇದೇ ಕ್ರಮದಿಂದ. ಅವರ ಶ್ರಮವನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಆದರೂ ಕಣ್ಣಳತೆಯ ನಕಲಿನಲ್ಲಿ ಒಂದು ಮೂಲದೋಷವುಂಟು: ನಕಲುಗಾರನು ತನಗೆ ಅರ್ಥವಾದುದನ್ನು ಬರೆಯುತ್ತಾನೆ, ಅರ್ಥವಾಗದುದನ್ನು ತಿದ್ದುತ್ತಾನೆ, ತೀರ ಅಪರಿಚಿತವಾದುದನ್ನು ಕಲ್ಲಿನ ಬಿರುಕೆಂದು ಬಗೆದು ಬಿಟ್ಟುಬಿಡುತ್ತಾನೆ. ಅವನು ಪಂಡಿತನಾದಷ್ಟೂ ಈ ಅಪಾಯ ಹೆಚ್ಚು. ಛಂದಸ್ಸು ಕೆಟ್ಟ ಪದ್ಯವನ್ನು ಕಂಡರೆ ಒಳ್ಳೆಯ ಪಂಡಿತನ ಕೈ ಸುಮ್ಮನಿರುವುದುಂಟೆ!

ಇದಕ್ಕೆ ಪರಿಹಾರವೆಂಬಂತೆ 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸರ್ಕಾರದ ಪರವಾಗಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಮುಖ್ಯವಾಗಿ ಆಧರಿಸಿ ಬಿ. ಎಲ್. ರೈಸ್ 1879ರಲ್ಲಿ ತನ್ನ ಮೊದಲ ಶಾಸನಗ್ರಂಥವನ್ನು ಹೊರತಂದನು. ಛಾಯಾಚಿತ್ರಕ್ಕೆ ಪಾಂಡಿತ್ಯದ ಪಕ್ಷಪಾತವಿಲ್ಲವೆಂಬುದು ನಿಜ. ಆದರೆ ಅದು ಬೆಳಕಿನ ಅಧೀನ. ನಡುಹಗಲಿನ ಬಿಸಿಲು ಕಲ್ಲಿಗೆ ನೇರವಾಗಿ ಬಿದ್ದರೆ ಅಕ್ಷರದ ತಗ್ಗಿಗೂ ಬಯಲಿಗೂ ವ್ಯತ್ಯಾಸವೇ ತೋರದು. ಸಂಜೆಯ ಓರೆಬಿಸಿಲಿನಲ್ಲಿ ಅದೇ ಕಲ್ಲು ತಾನಾಗಿಯೇ ಮಾತಾಡುತ್ತದೆ. ಶಾಸನಗಳ ಬೆನ್ನು ಹತ್ತಿದವರೆಲ್ಲರೂ ಬಲ್ಲ ಈ ಸಣ್ಣ ಗುಟ್ಟು ಮುಂದೆ ಸೂಕ್ಷ್ಮದರ್ಶಕದ ಕೋಣೆಯಲ್ಲಿಯೂ ನಮಗೆ ಎದುರಾಗಲಿದೆ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ, ಪಾದ್ರಿಯೊಬ್ಬನ ಮಗನಾಗಿ. ಮೇಷ್ಟರಾಗಿ ಕೆಲಸಕ್ಕೆ ಸೇರಿ, ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ, ಕೊನೆಗೆ ಪುರಾತತ್ತ್ವ ಸಂಶೋಧನೆಯ ನಿರ್ದೇಶಕನಾಗಿ, ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ನಾಡಿಗೆ ಕೊಟ್ಟು 1906ರಲ್ಲಿ ನಿವೃತ್ತನಾದ ಈತನ ಜೀವಿತದಲ್ಲಿ 1892ನೆಯ ವರ್ಷಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಆ ವರ್ಷ ಆತನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಒಂದಕ್ಕೊಂದು ಸಮೀಪದಲ್ಲಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳನ್ನು ಕಂಡನು. ಮೌರ್ಯರ ಆಳಿಕೆ ಕನ್ನಡನೆಲದ ನಡುವಿನವರೆಗೂ ಹಬ್ಬಿತ್ತೆಂಬುದಕ್ಕೆ ಅಲ್ಲಿಯವರೆಗೆ ಇಂಥ ಸಾಕ್ಷ್ಯವಿರಲಿಲ್ಲ.

ಮೂರು ಬಂಡೆಗಳಿಗೂ ಊರಿನವರು ಮೊದಲೇ ಹೆಸರಿಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು, ಅದರಲ್ಲಿ ಔಷಧಗುಣವಿದೆಯೆಂದು ಸುತ್ತಲಿನ ಜನ ನಂಬಿದ್ದರು. ಸಿದ್ದಾಪುರದ ಬಂಡೆಗಳಿಗೆ ಎಮ್ಮೆ ಕಾಯುತ್ತಿದ್ದ ತಿಮ್ಮಯ್ಯನೊಬ್ಬನ ಹೆಸರು. ಜಟಿಂಗರಾಮೇಶ್ವರನ ಗುಡಿಯ ಮೆಟ್ಟಿಲ ಬಳಿಯ ಹಾಸುಬಂಡೆ ಬಳೆಗಾರಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಚಕ್ರವರ್ತಿಯ ಆಜ್ಞೆಯ ಮೇಲೆ ತಲೆಮಾರುಗಳ ಕಾಲ ಜನ ನಡೆದಾಡಿದ್ದರ ಫಲವಾಗಿ ಅಲ್ಲಿನ ಬರಹ ಬಹುವಾಗಿ ಸವೆದುಹೋಗಿದೆ. ಸವೆತವೂ ಒಂದು ಬಗೆಯ ಬರವಣಿಗೆಯೇ. ಬಳೆಗಾರಗುಂಡಿನ ಮೈಯನ್ನು ಸರಿಯಾಗಿ ಓದಬಲ್ಲವನಿಗೆ ಅಶೋಕನ ಮಾತಿನ ಜೊತೆಗೆ ಜಾತ್ರೆಯ ಕಥೆಯೂ ದೊರೆಯುತ್ತದೆ. ಹಲ್ಲಿನ ಪರೀಕ್ಷಕರು ಹುಡುಕುವುದಂತೂ ಈ ಎರಡನೆಯ ಬಗೆಯ ಬರವಣಿಗೆಯನ್ನೇ.

ಇನ್ನು ಶಿಲೆಯ ಬರಹವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಪಡಿಯಚ್ಚಿನ ಕ್ರಮ. ಹೇಳಲು ಸುಲಭ, ಮಾಡಲು ಕಠಿಣವಾದ ಕೆಲಸಗಳಲ್ಲಿ ಇದೂ ಒಂದು. ಮೊದಲು ಕಲ್ಲಿನ ಮೇಲಿನ ಹಾವಸೆ, ಮಣ್ಣು, ಎಣ್ಣೆಯ ಜಿಡ್ಡು, ಸುಣ್ಣದ ಲೇಪ ಇವುಗಳನ್ನು ನೀರಿನಿಂದಲೂ ನಾರಿನ ಕುಂಚದಿಂದಲೂ ತೊಳೆಯಬೇಕು. ಇಲ್ಲಿ ಅವಸರಪಟ್ಟವನು ಮುಂದಿನ ಎಲ್ಲವನ್ನೂ ಕೆಡಿಸುತ್ತಾನೆ. ಬಳಿಕ ತೆಳುವಾದರೂ ಗಟ್ಟಿಯಾದ, ಅಂಟು ಹಾಕದ ಕಾಗದವನ್ನು ನೆನೆಸಿ, ಗಾಳಿಯ ಗುಳ್ಳೆ ನಿಲ್ಲದಂತೆ ಕಲ್ಲಿನ ಮೇಲೆ ಹಾಸಿ, ಬಿರುಗೂದಲಿನ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಒಂದೇ ಸಮನಾಗಿ ಬಡಿಯುತ್ತ ಹೋದರೆ, ಕಾಗದವು ಅಕ್ಷರದ ತಗ್ಗಿನೊಳಕ್ಕೆ ಇಳಿದು ಕೂರುತ್ತದೆ. ಬಡಿತ ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಅಕ್ಷರದ ತಳ ಮುಟ್ಟುವುದಿಲ್ಲ. ಕಾಗದ ಅರೆಯೊಣಗಿದಾಗ, ಅರಳೆ ತುಂಬಿದ ಬಟ್ಟೆಯ ಉಂಡೆಗೆ ದೀಪದ ಕಾಡಿಗೆಯ ಮಸಿಯನ್ನು ತೆಳ್ಳಗೆ ತಾಕಿಸಿ ಮೆಲ್ಲಗೆ ಒತ್ತುತ್ತಾರೆ. ಉಬ್ಬಿದ ಬಯಲು ಕಪ್ಪಾಗಿ, ತಗ್ಗಿನ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಪೂರ್ತಿ ಒಣಗಿದ ಹಾಳೆ ಹಪ್ಪಳದಂತೆ ಅಂಚಿನಿಂದ ಏಳತೊಡಗಿದಾಗ ಅದನ್ನು ಬಿಡಿಸಿಕೊಳ್ಳಬೇಕು. ಮಸಿಯನ್ನು ಬಳಸದೆ, ದಪ್ಪ ಕಾಗದವನ್ನು ಹೀಗೆಯೇ ಬಡಿದು ಒಣಗಿಸಿ ಎತ್ತಿದರೆ, ಅಕ್ಷರಗಳು ಹಿಂಬದಿಯಲ್ಲಿ ಉಬ್ಬಾಗಿ, ತಿರುಗುಮುರುಗಾಗಿ ಮೂಡಿದ ಒಣ ಅಚ್ಚು ದೊರೆಯುತ್ತದೆ. ಗ್ರೀಕ್, ರೋಮನ್ ಶಾಸನಗಳನ್ನು ಅಭ್ಯಸಿಸುವ ಯೂರೋಪಿನ ವಿದ್ವಾಂಸರಿಗೆ ಇದು ಹೆಚ್ಚು ಪ್ರಿಯ. ನಮ್ಮಲ್ಲಿ ನೆಲೆನಿಂತದ್ದು ಮಸಿಯಚ್ಚು.

ಈ ಕ್ರಮದ ದೊಡ್ಡ ಗುಣವೆಂದರೆ ಕಾಗದಕ್ಕೆ ಅಕ್ಷರಜ್ಞಾನವಿಲ್ಲದಿರುವುದು. ಬ್ರಹ್ಮಗಿರಿಯ ಹದಿಮೂರು ಸಾಲಿನ ಧರ್ಮಲಿಪಿ ಬ್ರಾಹ್ಮಿಯಲ್ಲಿದೆ. ಅದರ ಕೊನೆಯಲ್ಲಿ ಲಿಪಿಕಾರನಾದ ಚಪಡನೆಂಬವನು ತನ್ನ ಹೆಸರನ್ನು ಹೇಳಿಕೊಂಡು, ತನ್ನ ವೃತ್ತಿಯನ್ನು ತಿಳಿಸುವ ಒಂದು ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯಾದರೋ ಗಾಂಧಾರದ ಕಡೆಯ ಲಿಪಿ. ವಾಯವ್ಯದ ಶಾಹಬಾಜ್‌ಗಢಿ, ಮಾನ್ಸೇಹ್ರಾಗಳಲ್ಲಿ ಅಶೋಕನ ಲಿಪಿಗಳಿಗೆ ಬಳಕೆಯಾದದ್ದು. ವೇದಾವತಿ ನದಿಯ ಈ ಸೀಮೆಯಲ್ಲಿ ಅದನ್ನು ಯಾರು ನಿರೀಕ್ಷಿಸಿಯಾರು? ಬ್ರಾಹ್ಮಿಯನ್ನಷ್ಟೆ ಬಲ್ಲವನು ಕಣ್ಣಿನಿಂದ ನೋಡಿ ನಕಲು ಮಾಡಿದ್ದರೆ ಆ ಕೆಲವು ಗೀಟುಗಳನ್ನು ಉಳಿಯ ಜಾರಾಟವೆಂದು ಬಿಟ್ಟಿರುವ ಸಂಭವವೇ ಹೆಚ್ಚು. ಮಸಿಯ ಕಾಗದಕ್ಕೆ ಅಂಥ ಅಹಂಕಾರವಿಲ್ಲ. ಗಾಂಧಾರದ ಅಕ್ಷರವೂ ಮಳೆಯ ಕೊರೆತವೂ ಅದಕ್ಕೆ ಸಮಾನ. ಉತ್ತರಾಪಥದ ಲಿಪಿಯನ್ನು ಬಲ್ಲ ಬರಹಗಾರನೊಬ್ಬನು ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಸುವರ್ಣಗಿರಿಯಿಂದ ಬಂದ ಆಜ್ಞೆಯನ್ನು ಇಲ್ಲಿ ಬರೆದನೆಂಬ ವಿಷಯ, ರಾಜವಂಶಾವಳಿಯ ಹತ್ತು ಪುಟಗಳಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಪ್ರತಿಕೃತಿಗಳು ಕಡಲು ದಾಟಿ ಹೋದವು. ಭಾರತವನ್ನು 1880ರಲ್ಲಿಯೇ ಬಿಟ್ಟು ವಿಯೆನ್ನಾದಲ್ಲಿ ಪ್ರಾಧ್ಯಾಪಕನಾಗಿದ್ದ ಗೆಯೋರ್ಗ್ ಬ್ಯೂಲರ್, ತಾನು ಕಾಣದ ಈ ಬಂಡೆಗಳ ಲಿಪಿಯನ್ನು ಪ್ರತಿಕೃತಿಗಳಿಂದಲೇ ಪರಿಷ್ಕರಿಸಿ ಪ್ರಕಟಿಸಿದನು. ಆ ಲಿಪಿಗಳಲ್ಲಿ ಬರುವ 256 ಎಂಬ ಅಂಕೆಯನ್ನು ಬುದ್ಧನಿರ್ವಾಣದಿಂದ ಎಣಿಸಿದ ವರ್ಷವೆಂದು ಆತನು ಬಗೆದನು. ಅದು ಚಕ್ರವರ್ತಿ ಯಾತ್ರೆಯಲ್ಲಿ ಕಳೆದ ರಾತ್ರಿಗಳ ಸಂಖ್ಯೆಯೆಂಬ ಅರ್ಥ ಆಮೇಲೆ ಹೆಚ್ಚು ಮಾನ್ಯವಾಯಿತು. ಇಲ್ಲಿ ವಿವಾದವಿದ್ದದ್ದು ಅರ್ಥದ ಬಗೆಗೆ; ಅಂಕೆ ಯಾವುದೆಂಬ ಬಗೆಗಲ್ಲ. ಒಳ್ಳೆಯ ಪ್ರತಿಕೃತಿ ಜಗಳವನ್ನು ನಿಲ್ಲಿಸಲಾರದು, ಅದನ್ನು ಅದರ ಸರಿಯಾದ ಜಾಗದಲ್ಲಿ ನಡೆಯುವಂತೆ ಮಾಡೀತು.

ಜಿಲ್ಲೆಯಲ್ಲಿ ಅಲ್ಲಿಯವರೆಗೆ ದೊರೆತ ಶಾಸನಗಳು ಒಟ್ಟಾಗಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವಾಗಿ 1903ರಲ್ಲಿ ಹೊರಬಂದವು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಸೀಮೆಗಳ ವೀರಗಲ್ಲು, ಕೆರೆಯ ತೂಬಿನ ಕಲ್ಲು, ಬಸದಿಯ ದಾನಶಾಸನ, ಪಾಳೆಯಗಾರರ ನಿರೂಪ ಇವೆಲ್ಲ ಹೀಗೆ ಕಾಗದಕ್ಕೆ ಇಳಿದು ಬಂದವು. ಸಂಪುಟದ ಮುಖಪುಟದಲ್ಲಿ ರೈಸನ ಹೆಸರಿದೆ. ಆ ಕಾಗದವನ್ನು ಬಡಿದವರ ಹೆಸರು ಅಲ್ಲಿಲ್ಲ. ಬೇಸಗೆಯಲ್ಲಿ ಹಾಳೆ ಕಲ್ಲಿಗೆ ಹತ್ತುವ ಮೊದಲೇ ಒಣಗುವ ಹಿರಿಯೂರಿನ ಬಯಲಿನಲ್ಲಿ, ಬಿಂದಿಗೆಯ ನೀರನ್ನು ದೂರದಿಂದ ಹೊತ್ತು ತಂದು, ಗಾಳಿಗೆ ಕಾಗದದ ಮೂಲೆಗಳನ್ನು ಅಂಗೈಯಿಂದ ಅದುಮಿ ಹಿಡಿಯಬೇಕಾದ ಕೆಲಸವದು. ಇವರ ಕೈ ತಪ್ಪಿದ್ದರೆ ಬ್ಯೂಲರನಂಥವರ ಪಾಂಡಿತ್ಯ ಏನು ಮಾಡೀತು?

ಇನ್ನು ಹಲ್ಲಿಗೆ ಬರೋಣ. ಬಾಯಿಯ ಅಚ್ಚು ತೆಗೆಯುವ ಕಸುಬು ಕಟ್ಟುಹಲ್ಲಿನ ವೈದ್ಯರಿಂದ ಹುಟ್ಟಿದ್ದು. ಪ್ರಷ್ಯದ ಅರಸ ಫ್ರೆಡರಿಕನ ದಂತವೈದ್ಯನಾಗಿದ್ದ ಫಿಲಿಪ್ ಫಾಫ್, ಮೇಣದಲ್ಲಿ ದವಡೆಯ ಅಚ್ಚು ತೆಗೆದು ಅದರಲ್ಲಿ ಗಾರೆಯನ್ನು ಎರೆಯುವ ಕ್ರಮವನ್ನು 1756ರಲ್ಲಿ ಬರೆದಿಟ್ಟನು. ಆದರೆ ಕಟ್ಟುಹಲ್ಲಿಗೆ ಬೇಕಾದುದು ಆಕಾರ, ಮೈಯಲ್ಲ. ಹಲ್ಲಿನ ಮೇಲ್ಪೊರೆಯಾದ ಎನಾಮಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಕಠಿಣವಾದ ವಸ್ತು. ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು ದಪ್ಪದ ಸೂಕ್ಷ್ಮಸ್ತಂಭಗಳು ಒತ್ತಾಗಿ ನಿಂತು ಆದದ್ದು. ಅದರ ಮೇಲಿನ ಗೀರುಗಳನ್ನು ಸೂಕ್ಷ್ಮವಾಗಿ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಯಿತು. ಮೊದಲ ಬಗೆಯ ಆ ಯಂತ್ರಗಳಲ್ಲಿ ಕಿರಣವು ವಸ್ತುವನ್ನು ತೂರಿ ಹೋಗಬೇಕಾಗಿದ್ದುದರಿಂದ, ಇಡಿಯ ಹಲ್ಲನ್ನು ಅದರಲ್ಲಿಟ್ಟು ಪ್ರಯೋಜನವಿರಲಿಲ್ಲ. ಹಲ್ಲಿನ ಮೈಯ ತೆಳುವಾದ ಪೊರೆಯಚ್ಚನ್ನು ತೆಗೆಯುವುದು ಅನಿವಾರ್ಯವಾಯಿತು. ಅಮೆರಿಕದಲ್ಲಿ ಡೇವಿಡ್ ಸ್ಕಾಟ್ ಮತ್ತು ರಾಲ್ಫ್ ವೈಕಾಫ್ 1946ರಲ್ಲಿ ಮಾಡಿದ್ದು ಇದನ್ನೇ. ಪೊರೆಯ ಮೇಲೆ ಲೋಹದ ಆವಿಯನ್ನು ಓರೆಯಾಗಿ ಹಾಯಿಸುತ್ತಿದ್ದರು; ಉಬ್ಬಿನ ಒಂದು ಮಗ್ಗುಲಿಗೆ ಲೋಹ ಹತ್ತಿ, ಮತ್ತೊಂದು ಮಗ್ಗುಲು ನೆರಳಾಗಿ ಉಳಿದು, ಸಪಾಟಾದ ಪೊರೆಯಲ್ಲಿ ಬೆಟ್ಟ ಕಣಿವೆಗಳು ಎದ್ದು ತೋರುತ್ತಿದ್ದವು. ಶಾಸನಕಾರರು ಸಂಜೆಯ ಸೂರ್ಯನಿಂದ ಪಡೆಯುತ್ತಿದ್ದುದನ್ನು ಇವರು ಲೋಹದ ಹಬೆಯಿಂದ ಪಡೆದರು.

1965ರಲ್ಲಿ ಕೇಂಬ್ರಿಜ್ ಉಪಕರಣ ಸಂಸ್ಥೆಯ ಸ್ಟೀರಿಯೊಸ್ಕ್ಯಾನ್ ಎಂಬ ಹೊಸ ಬಗೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾರುಕಟ್ಟೆಗೆ ಬಂದ ಮೇಲೆ, ಮೇಲ್ಮೈಯನ್ನೇ ಗೆರೆಗೆರೆಯಾಗಿ ಶೋಧಿಸಿ ನೋಡುವುದು ಸಾಧ್ಯವಾಯಿತು. ಆದರೂ ಪ್ರತಿಕೃತಿಯ ಅಗತ್ಯ ತಪ್ಪಲಿಲ್ಲ. ಯಂತ್ರದ ನಿರ್ವಾತ ಕೋಶದಲ್ಲಿ ಅಮೂಲ್ಯವಾದ ಪಳೆಯುಳಿಕೆಯನ್ನಿಟ್ಟು ಅದಕ್ಕೆ ಚಿನ್ನದ ಲೇಪ ಕೊಡಲು ಯಾವ ವಸ್ತುಸಂಗ್ರಹಾಲಯ ಒಪ್ಪೀತು? ಬದುಕಿರುವವನ ಹಲ್ಲಿನ ಮಾತಂತೂ ಬೇಡವೇ ಬೇಡ. ಆದುದರಿಂದ ಇಂದಿನ ಕ್ರಮ ಹೀಗಿದೆ: ಹಲ್ಲನ್ನು ಸ್ಪಿರಿಟ್ ಅಥವಾ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ಒಣಗಿಸಿ, ದಂತವೈದ್ಯರು ಬಳಸುವ ತೆಳು ಸಿಲಿಕೋನನ್ನು ಅದರ ಮೇಲೆ ಹರಿಯಬಿಡುತ್ತಾರೆ. ಮೊದಲ ಅಚ್ಚು ಹಲ್ಲಿನ ಮೇಲೆ ಉಳಿದ ಧೂಳನ್ನು ಕಿತ್ತು ತರುವುದರಿಂದ ಅದನ್ನು ಬದಿಗಿಟ್ಟು, ಎರಡನೆಯದನ್ನು ಪರೀಕ್ಷೆಗೆ ಇಟ್ಟುಕೊಳ್ಳುವ ಪದ್ಧತಿಯುಂಟು. ಸಿಲಿಕೋನಿನ ಅಚ್ಚಿಗೆ ಗೋಡೆ ಕಟ್ಟಿ, ಎಪಾಕ್ಸಿ ರಾಳವನ್ನು ಎರೆದು, ಗುಳ್ಳೆ ಹೋಗುವಂತೆ ವೇಗವಾಗಿ ತಿರುಗಿಸಿಯೋ ಗಾಳಿಯನ್ನು ಹೀರಿಯೋ ಗಟ್ಟಿಯಾಗಲು ಬಿಟ್ಟರೆ, ಒಂದು ಮೈಕ್ರೋಮೀಟರಿಗಿಂತ ಸಣ್ಣ ವಿವರಗಳೂ ಅದರಲ್ಲಿ ಉಳಿದುಬರುತ್ತವೆ. ಚಿನ್ನದ ಲೇಪ ಈ ಪ್ರತಿಕೃತಿಗೆ.

ಅಲನ್ ವಾಕರನೂ ಅವನ ಸಂಗಡಿಗರೂ 1978ರಲ್ಲಿ ಆಫ್ರಿಕದ ಹೈರಾಕ್ಸ್ ಎಂಬ ಸಣ್ಣ ಪ್ರಾಣಿಯ ಎರಡು ಜಾತಿಗಳನ್ನು ಹೋಲಿಸಿ ತೋರಿಸಿದ ವಿಷಯ ಸ್ವಾರಸ್ಯವಾದುದು. ಒಂದೇ ಬಂಡೆಗಳ ನಡುವೆ ಬಾಳುವ ಇವುಗಳಲ್ಲಿ ಒಂದು ಜಾತಿ ಮಳೆಗಾಲದಲ್ಲಿ ಹುಲ್ಲನ್ನು ಮೇಯುತ್ತದೆ, ಮತ್ತೊಂದು ಪೊದೆಯ ಎಲೆಯನ್ನು ತಿನ್ನುತ್ತದೆ. ಹುಲ್ಲಿನಲ್ಲಿರುವ ಸಿಲಿಕದ ಕಣಗಳು ಮೊದಲನೆಯದರ ಎನಾಮಲಿನ ಮೇಲೆ ಸಮಾನಾಂತರವಾಗಿ ಗೀರುಗಳನ್ನು ಎಳೆದಿದ್ದವು. ಎರಡನೆಯದರ ಹಲ್ಲು ನಯವಾಗಿತ್ತು. ಇಂಥ ಗೀರುಗಳು ಬಹುಕಾಲ ನಿಲ್ಲುವುದಿಲ್ಲ, ಹೊಸ ಸವೆತ ಹಳೆಯದನ್ನು ಅಳಿಸುತ್ತದೆ. ಹಲ್ಲು ಹೇಳುವುದು ಬಾಳಿನ ಕಡೆಯ ದಿನಗಳ, ವಾರಗಳ ಊಟವನ್ನು ಮಾತ್ರ. ಪರೀಕ್ಷಕನ ನಿತ್ಯದ ಸಂಕಟವಾದರೋ ಬೇರೆ. ಕಾಣುತ್ತಿರುವ ಕುಳಿ ಕಾಳನ್ನು ಅಗಿದದ್ದರಿಂದ ಆದದ್ದೋ, ಮಣ್ಣಿನಲ್ಲಿ ಹೂತಿದ್ದಾಗ ಮರಳು ಕೊರೆದದ್ದೋ, ಅಥವಾ ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಯ ಗುರುತೋ? ಪಡಿಯಚ್ಚನ್ನು ಹರಡಿಕೊಂಡು ಕುಳಿತ ಶಾಸನಕಾರನೂ ಇದನ್ನೇ ಕೇಳುತ್ತಾನೆ: ಈ ಬಿಳಿಯ ಚುಕ್ಕೆ ಅನುಸ್ವಾರವೋ, ಮಳೆಯ ಕುಳಿಯೋ, ಕಾಗದ ಹರಿದದ್ದೋ?

ಚಿತ್ರದುರ್ಗದ ಸೀಮೆಯಲ್ಲಿ ಹಲ್ಲುಗಳು ಕಲ್ಲುಗಳಿಗೆ ಬಹಳ ಹತ್ತಿರದಲ್ಲಿಯೇ ಇವೆ. ಅಕ್ಷರಗುಂಡಿನ ಆಸುಪಾಸಿನಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲಿ, ಕಲ್ಲುಕೊಡಲಿಯ ಜನರ ನೆಲೆ, ಅದರ ಮೇಲೆ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಸಮಾಧಿಯ ಜನರ ನೆಲೆ, ಅದರ ಮೇಲೆ ಸಾತವಾಹನರ ಕಾಲದ ನೆಲೆ ಎಂದು ಮೂರು ಪದರಗಳು ಕಂಡುಬಂದವು. ಸಮಾಧಿಗಳಲ್ಲಿ ದೊರೆತ ಮಾನವಾಸ್ಥಿಗಳನ್ನು ಮುಂದೆ ಎಸ್. ಎಸ್. ಸರ್ಕಾರ್ ಪರಿಶೀಲಿಸಿದರು. ಅಂದಿನ ಮಾನವಶಾಸ್ತ್ರಕ್ಕೆ ಕಪಾಲದ ಅಳತೆಯಲ್ಲಿದ್ದ ಆಸಕ್ತಿ ಹಲ್ಲಿನ ಗೀರಿನಲ್ಲಿರಲಿಲ್ಲ. ಸತ್ತವನು ಯಾವ ಕುಲದವನೆಂದು ಕೇಳಿದರೇ ಹೊರತು ಏನನ್ನುಂಡನೆಂದು ಕೇಳಲಿಲ್ಲ. ಪ್ರಶ್ನೆಯ ಬಡತನವೆಂದೇ ನಾನು ಇದನ್ನು ಎಣಿಸುತ್ತೇನೆ. ಇಂದು ಬದುಕಿರುವವರ ಹಲ್ಲುಗಳೂ ಇಲ್ಲಿನ ಶಿಲೆಯ ಸಾಕ್ಷಿಗಳೇ: ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಶಿಲೆಯಿಂದ ಕರಗಿ ಬಂದ ಫ್ಲೋರೈಡಿನ ಅಂಶ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದರಿಂದ, ಎಳೆವಯಸ್ಸಿನಲ್ಲಿ ಎನಾಮಲ್ ಕಟ್ಟುವಾಗಲೇ ದೋಷ ಸೇರಿ, ಹಲ್ಲು ಸುಣ್ಣಬಿಳುಪಿನ ಪಟ್ಟೆಗಳಿಂದಲೂ ಕಂದುಗಲೆಗಳಿಂದಲೂ ಕೂಡಿ ಮೂಡುತ್ತದೆ. ವಿಷಮಿಸಿದಲ್ಲಿ ಮೈ ಕುಳಿಕುಳಿಯಾಗಿ ಉದುರುತ್ತದೆ. ಈ ಸೀಮೆಯ ಹಲ್ಲಿನ ಪ್ರತಿಕೃತಿಯನ್ನು ನೋಡುವವನು ನೀರು ಕೊರೆದ ಕುಳಿಯನ್ನೂ ಅನ್ನ ಕೊರೆದ ಕುಳಿಯನ್ನೂ ಬೇರೆಬೇರೆಯಾಗಿ ಗುರುತಿಸಬೇಕಾಗುತ್ತದೆ.

ಪ್ರತಿಕೃತಿಯನ್ನು ಎಲ್ಲಿಯವರೆಗೆ ನಂಬಬಹುದೆಂಬುದಕ್ಕೆ ಚಂದ್ರವಳ್ಳಿಯ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಮತ್ತೊಂದಿರಲಾರದು. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಈ ಕಣಿವೆಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಉತ್ಖನನ ನಡೆಸಿದರು. ಸಾತವಾಹನರ ನಾಣ್ಯಗಳೂ, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ಈ ಕಣಿವೆಯಲ್ಲಿ ದೊರೆತಿವೆ. ಅಲ್ಲಿಯೇ ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ, ಪ್ರಾಕೃತದಲ್ಲಿ, ಬ್ರಾಹ್ಮಿಯ ಮೂರು ಸಾಲುಗಳು ಅವರ ಕಣ್ಣಿಗೆ ಬಿದ್ದವು. ಬನವಾಸಿಯ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಕೆರೆಯೊಂದನ್ನು ಕಟ್ಟಿಸಿದನೆಂದು ಬರಹ ಹೇಳುತ್ತದೆ. ಅದರ ಜೊತೆಗೆ ಕೃಷ್ಣ ಅವರು ಓದಿದ್ದು, ಆ ಅರಸನು ಗೆದ್ದ ನಾಡುಗಳ ಪಟ್ಟಿಯನ್ನು: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ. ಈ ಪಾಠ ನಿಜವಾದರೆ ಬನವಾಸಿಯ ಅರಸನ ದಂಡು ವಿಂಧ್ಯದ ಆಚೆಗೂ ಹೋಗಿರಬೇಕು.

ಬಂಡೆ ಒರಟು, ಅಕ್ಷರಗಳು ತೆಳು, ಶತಮಾನಗಳ ಮಳೆ ಅವುಗಳ ಮೇಲೆ ಹರಿದಿದೆ. ಇಂಥ ಮೈಯಿಂದ ತೆಗೆದ ಅಚ್ಚಿನಲ್ಲಿ ಉಳಿಯ ಗುರುತು ಎಷ್ಟು ಸ್ಪಷ್ಟವೋ ಕಲ್ಲಿನ ಸಹಜವಾದ ಒರಟೂ ಅಷ್ಟೇ ಸ್ಪಷ್ಟ. ಎರಡನ್ನೂ ಬೇರ್ಪಡಿಸುವ ಹೊಣೆ ಪೂರ್ತಿಯಾಗಿ ಓದುವವನ ಮೇಲೆ ಬೀಳುತ್ತದೆ. ಕದಂಬರ ಬಗೆಗೆ ಬರೆದ ಮುಂದಿನ ವಿದ್ವಾಂಸರಲ್ಲಿ ಕೆಲವರು ಈ ದಿಗ್ವಿಜಯದ ಪಟ್ಟಿಯನ್ನು ಬಳಸಿದರು, ಹಲವರು ಸಂಶಯಪಟ್ಟರು. ಕಾಲಾನಂತರದಲ್ಲಿ ಚಿತ್ರದುರ್ಗದ ಇತಿಹಾಸಜ್ಞರಾದ ಬಿ. ರಾಜಶೇಖರಪ್ಪ ಅವರು ಶಾಸನವನ್ನು ಹೊಸದಾಗಿ ಪರಿಶೀಲಿಸಿ ಬೇರೊಂದು ಪಾಠವನ್ನು ಮುಂದಿಟ್ಟರು. ಕೃಷ್ಣ ಅವರ ಓದು ಉಳಿಯಲಿ, ಬಿಡಲಿ, ಅದನ್ನು ಪ್ರಶ್ನಿಸಲು ಸಾಧ್ಯವಾದದ್ದೇ ಅವರು ತಮ್ಮ ಆಧಾರವನ್ನು ಇತರರ ಕಣ್ಣಿಗೂ ದೊರೆಯುವಂತೆ ಪ್ರಕಟಿಸಿದ್ದರಿಂದ. ಕಣ್ಣಳತೆಯ ನಕಲಿನ ಕಾಲದಲ್ಲಿ ಇಂಥ ಪಾಠ ಪಂಡಿತನ ಮಾತಿನ ಬಲದಿಂದಲೇ ಚರಿತ್ರೆಯಾಗಿ ನಿಂತುಬಿಡುತ್ತಿತ್ತು. ಮೌಖರಿಗಳೂ ಪಾರಿಯಾತ್ರಿಕರೂ ಹೀಗೆ ಬಂದು ಹೋಗುತ್ತಿರುವಾಗ, ಮಯೂರಶರ್ಮನು ಕೆರೆ ಕಟ್ಟಿಸಿದನೆಂಬ ಮಾತನ್ನು ಮಾತ್ರ ಬಹುಮಟ್ಟಿಗೆ ಎಲ್ಲರೂ ಒಪ್ಪಿದ್ದಾರೆ.